ಸರ್ಟಿಫಿಕೇಟಿನಲ್ಲಿ ಬರೆಯದ ಸ್ನಾನ

ಅರಸೀಕೆರೆ
ಬುಧವಾರ, ೨ನೇ ಮಾರ್ಚ್ ೧೯೩೮

ಹಾಸನದ ವಕೀಲರಾದ ಶ್ರೀ ಇಂದುಧರ ಅವರಿಗೆ, ದ್ರಾಕ್ಷಾಯಣಿಯ ಶರಣು.

ಗಂಡನ ಹೆಸರನ್ನು ಹೆಂಡತಿ ಬರೆಯಬಾರದೆಂದು ಅತ್ತೆಯವರು ಹೇಳುತ್ತಿದ್ದರು. ಬೇರೆಯಾಗಿ ಆರು ವರ್ಷವಾಯಿತು. ಇಂದು ಬರೆಯುತ್ತಿರುವುದು ಗಂಡನಿಗೋ, ಎದುರು ಪಕ್ಷದ ವಕೀಲರಿಗೋ ತಿಳಿಯದೆ ಮೂರು ಹಾಳೆ ಹರಿದೆ. ಕೊನೆಗೆ ಹೆಸರೇ ಇರಲಿ ಅನ್ನಿಸಿತು.

ನಿಮ್ಮ ಕಾಗದ ಶನಿವಾರ ಬಂತು. ನನ್ನ ಆರೋಗ್ಯ ವಿಚಾರಿಸಿದ್ದೀರಿ. ಅತ್ತೆಯವರ ಕಣ್ಣಿಗೆ ಪೊರೆ ಬಂದಿರುವುದನ್ನು ತಿಳಿಸಿದ್ದೀರಿ. ಸೋಮವಾರ ಕೋರ್ಟಿಗೆ ಬರುವಾಗ ಮನೆಗೇ ಬಂದಿಳಿ ಎಂದು ಕರೆದಿದ್ದೀರಿ. ಅದೆಲ್ಲ ಆದ ಮೇಲೆ, ಹುಲಿಕೆರೆಯ ಮೊಕದ್ದಮೆಯಲ್ಲಿ ಸಿದ್ದಬಸಪ್ಪನವರ ಪರ ವಕಾಲತ್ತು ನಿಮ್ಮದೆಂದೂ, ನಾನು ಕೊಟ್ಟ ಸರ್ಟಿಫಿಕೇಟನ್ನು ಕಟಕಟೆಯಲ್ಲಿ ಓದಿದರೆ ಸಾಕು, ಹೆಚ್ಚಿನ ಮಾತು ಬೇಡವೆಂದೂ ಬರೆದಿದ್ದೀರಿ. ಸಾಕ್ಷಿಗೆ ವಕೀಲರು ಹೀಗೆ ಬರೆಯಬಹುದೇ ಎಂದು ಕೇಳುವುದಿಲ್ಲ. ಉತ್ತರ ಬರೆಯುತ್ತಿರುವ ನಾನೂ ಅಂಥವಳೇ. ಆದರೆ ಆ ಸಾಲನ್ನು ಓದಿದಂದಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ವಾರ್ಡಿಗೆ ಹೋಗುತ್ತೇನೆ, ಏಕೆ ಬಂದೆನೆಂದು ಮರೆತು ವಾಪಸು ಬರುತ್ತೇನೆ. ನಿನ್ನೆ ಒಬ್ಬ ಬಾಣಂತಿಯ ನಾಡಿಯನ್ನೇ ಎರಡು ಸಲ ಹಿಡಿದು ನೋಡಿದೆ. ಅವಳು ಗಾಬರಿಯಾದಳು.

ಸರ್ಟಿಫಿಕೇಟಿನಲ್ಲಿರುವುದು ನಾನು ಇಂಗ್ಲಿಷಿನಲ್ಲಿ ಬರೆದ ಮೂರು ಸಾಲು. ಭಾಗಮ್ಮ, ಹುಲಿಕೆರೆ ಜವರಣ್ಣನ ಮಗಳು, ವಯಸ್ಸು ಹದಿನಾರು. ಮೊಣಕೈಯಲ್ಲಿ ತರಚು ಗಾಯ. ಬಲಾತ್ಕಾರದ ಬೇರೆ ಗುರುತು ಮೈಮೇಲಾಗಲಿ ಬಟ್ಟೆಯ ಮೇಲಾಗಲಿ ಕಂಡುಬರಲಿಲ್ಲ. ಇದರಲ್ಲಿ ಒಂದೂ ಸುಳ್ಳಿಲ್ಲ. ನನ್ನನ್ನು ಕಾಡುತ್ತಿರುವುದೂ ಅದೇ.

ಸಂಕ್ರಾಂತಿಯಾದ ಮರುವಾರ ಆ ಹುಡುಗಿ ಸಿದ್ದಬಸಪ್ಪನವರ ಕಣದಲ್ಲಿ ರಾಗಿ ತೂರಲು ಹೋಗಿದ್ದಳು. ಸಂಜೆ ಉಳಿದ ಹೆಂಗಸರು ಊರ ದಾರಿ ಹಿಡಿದಾಗ, ಕಣದ ಗುಡಿಸಲಿನಲ್ಲಿರುವ ಮೊರಗಳನ್ನು ಎಣಿಸಿಟ್ಟು ಹೋಗು ಎಂದು ಸಿದ್ದಬಸಪ್ಪನವರು ಅವಳೊಬ್ಬಳನ್ನು ನಿಲ್ಲಿಸಿಕೊಂಡರು. ಮುಂದಿನದನ್ನು ಅವಳು ಪೊಲೀಸಿನವರೆದುರು ಹೇಳಿದ್ದಾಳೆ, ನೀವೂ ಓದಿದ್ದೀರಿ. ಮಾರನೆಯ ದಿನ ಮಧ್ಯಾಹ್ನ, ಹಳೇಬೀಡಿನ ಬಸ್ಸಿನಲ್ಲಿ ಅಪ್ಪ ಮಗಳು ನಮ್ಮ ಹೆರಿಗೆ ಆಸ್ಪತ್ರೆಗೆ ಬಂದರು.

ನಮ್ಮಲ್ಲಿ ಒಂದು ನಿಯಮವಿದೆ. ಹಳ್ಳಿಯಿಂದ ಯಾರೇ ಬರಲಿ, ಮೊದಲು ಬಚ್ಚಲಿಗೆ ಕಳಿಸಿ ಸೋಪು, ಬಿಸಿನೀರಿನ ಸ್ನಾನ ಮಾಡಿಸಬೇಕು. ಉಟ್ಟ ಬಟ್ಟೆ ಕುದಿಯುವ ಹಂಡೆಗೆ ಹೋಗಬೇಕು. ಮೇಜಿನ ಮೇಲೆ ಮಲಗಿಸಿ ಪರೀಕ್ಷಿಸುವುದು ಆಮೇಲೆ. ಮಿಷನ್ ಶಾಲೆಯಲ್ಲಿ ಕಲಿತ ಶುಚಿತ್ವದಿಂದ ನಾನೇ ಮಾಡಿದ ನಿಯಮ. ಇದರಿಂದ ಎಷ್ಟೋ ಬಾಣಂತಿಯರು ಉಳಿದಿದ್ದಾರೆ, ಆ ಹೆಮ್ಮೆ ನನಗೆ ಇನ್ನೂ ಇದೆ. ಆಯಾ ತಿಮ್ಮಕ್ಕ ಮಾತ್ರ ಬಂದವರ ಮುಂದೆಯೇ ಗೇಲಿ ಮಾಡುತ್ತಾಳೆ, ಬೇಲೂರಿನ ಚೆನ್ನಿಗರಾಯನೇ ಬಂದರೂ ನಮ್ಮ ಡಾಕ್ಟ್ರಮ್ಮ ಮೊದಲು ಸೋಪು ಕೊಟ್ಟು ಆಮೇಲೆ ಕೈಮುಗಿಯುತ್ತಾರೆ ಎಂದು.

ಅಂದೂ ಹಾಗೆಯೇ ಆಯಿತು. ನಾನು ನೋಡುವ ಹೊತ್ತಿಗೆ ಭಾಗಮ್ಮ ಆಸ್ಪತ್ರೆಯ ಬಿಳಿ ಸೀರೆಯಲ್ಲಿದ್ದಳು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳ ಸೀರೆ ಹಂಡೆಯಲ್ಲಿ ಬೇಯುತ್ತಿತ್ತು. ನಾನು ಪರೀಕ್ಷಿಸಿ, ಕೈ ತೊಳೆದು, ಮೂರು ಸಾಲು ಬರೆದೆ. ಸ್ನಾನದ ವಿಷಯ ಬರೆಯಲಿಲ್ಲ. ಆ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಜಾಗವಿಲ್ಲದ್ದು ನಮೂನೆಯಲ್ಲೋ, ನನ್ನಲ್ಲೋ?

ಕಳೆದ ವಾರ ಜವರಣ್ಣ ಮತ್ತೆ ಬಂದಿದ್ದ. ಕೂರು ಎಂದರೂ ಕೂರಲಿಲ್ಲ, ಕಂಬ ಹಿಡಿದು ನಿಂತೇ ಮಾತಾಡಿದ. ಅಂಥ ಮೈಲಿಗೆಯಲ್ಲಿ ನೀರು ಹುಯ್ದುಕೊಳ್ಳದೆ ಹೆಣ್ಣು ಹೊಸ್ತಿಲು ದಾಟುವಂತಿಲ್ಲ, ಅದು ಅವರ ಮನೆಯ ಕಟ್ಟು. ಓಣಿಯ ಹೆಂಗಸರು ಬಿಸಿನೀರನ್ನೂ ಕಾಯಿಸಿ ತಂದಿದ್ದರಂತೆ. ಇವನು ಬಿಡಲಿಲ್ಲ. ಡಾಕ್ಟರು ನೋಡುವ ತನಕ ನೀರು ಮುಟ್ಟಿಸಬೇಡಿ ಎಂದು ಹಳೇಬೀಡಿನ ಮೇಷ್ಟರು ಹೇಳಿಕಳಿಸಿದ್ದರು. ಹಾಗಾಗಿ ಮಗಳನ್ನು ಒಳಗೆ ಸೇರಿಸದೆ, ಆ ಮಾಗಿಯ ಚಳಿಯಲ್ಲಿ ಜಗುಲಿಯ ಮೇಲೆಯೇ ಕೂರಿಸಿದರು. ತಾಯಿಯೂ ಕಂಬಳಿ ಹೊದ್ದು ಅವಳ ಪಕ್ಕದಲ್ಲೇ ಬೆಳಗು ಮಾಡಿದಳಂತೆ. ಇದೆಲ್ಲ ನನಗೆ ಆ ದಿನ ಗೊತ್ತಿರಲಿಲ್ಲ. ನಿಯಮವೆಂದು ಮಾಡಿದೆ, ಅರಿಯದೆ ಮಾಡಿದೆ.

ಈಗ ಸರ್ಟಿಫಿಕೇಟಿನ ಸುದ್ದಿ ಊರಿಗೆಲ್ಲ ತಲುಪಿದೆ. ಭಾಗಮ್ಮ ನೀರಿಗೆ ಹೋದರೆ ಕಲ್ಯಾಣಿಯ ಮೆಟ್ಟಿಲ ಮೇಲೆ ಹೆಂಗಸರು ಬಿಂದಿಗೆ ಇಟ್ಟುಕೊಂಡೇ ಕೇಳುತ್ತಾರಂತೆ: "ಏನಾಗಿತ್ತೇ ನಿಂಗೆ, ಡಾಕ್ಟ್ರಮ್ಮನ ಕಣ್ಗೂ ಕಾಣ್ದಂಗೆ?" ಅವಳು ಈಗ ಹೊರಗೇ ಬರುವುದಿಲ್ಲ.

ಜವರಣ್ಣ ನನ್ನನ್ನು ದೂರಲಿಲ್ಲ. ದೂರಿದ್ದರೆ ವಾಸಿಯಿತ್ತು. ಹೊರಡುವಾಗ ಒಂದೇ ಮಾತು ಕೇಳಿದ. "ಕೋರ್ಟ್ನಾಗೆ ಸ್ವಾಮೇರ ಮುಂದೆ ನೀವು ಕಂಡಿದ್ನ ಕಂಡಂಗೆ ಯೋಳಿದ್ರೆ, ನನ್ ಮಗ್ಳು ಸುಳ್ಳಿ ಅನ್ನುಸ್ಕಳಲ್ಲ ಅಲ್ವರಾ?"

ನಾನು ತಲೆಯಾಡಿಸಿದೆ. ಅವನು ಅದನ್ನು ಹೌದೆಂದೇ ತಿಳಿದು ಹೋದ.

ಓದಿದರೆ ಸಾಕು ಎಂದು ನೀವು, ಹೇಳಿದರೆ ಸಾಕು ಎಂದು ಅವನು. ಅವನಿಗೆ ತಲೆಯಾಡಿಸಿದ್ದೇನೆ, ಆದ್ದರಿಂದ ಸೋಮವಾರ ನಾನು ಮೂರು ಸಾಲು ಓದಿ ನಿಲ್ಲಿಸುವುದಿಲ್ಲ. ಗುರುತು ಏಕೆ ಕಾಣಲಿಲ್ಲ ಎಂಬುದನ್ನೂ ಹೇಳುತ್ತೇನೆ. ತೊಳೆಸಿದ್ದು ಅವಳಲ್ಲ, ಅವಳ ಮನೆಯವರಲ್ಲ, ಈ ಆಸ್ಪತ್ರೆ. ಇಷ್ಟು ದಿನ ಏಕೆ ಸುಮ್ಮನಿದ್ದಿರಿ ಎಂದು ನೀವು ಪಾಟೀಸವಾಲು ಹಾಕುತ್ತೀರಿ. ಹಾಕಿ. ನನ್ನ ಕೆಲಸ ಹೋಗಬಹುದು, ಇಪ್ಪತ್ತು ವರ್ಷ ಕಟ್ಟಿದ ಹೆಸರಂತೂ ಹೋಗುತ್ತದೆ. ಅದರ ಭಯ ಇಲ್ಲವೆಂದರೆ ನೀವೇ ನಗುತ್ತೀರಿ.

ಇದನ್ನು ನಿಮಗೆ ಮುಂಚೆಯೇ ಏಕೆ ತಿಳಿಸುತ್ತಿದ್ದೇನೆ? ನ್ಯಾಯವಾಗಿ ನಡೆಯಬೇಕೆಂದೇ, ನೀವು ವಕಾಲತ್ತು ಬಿಟ್ಟೀರೆಂಬ ಆಸೆಯೇ, ಅಥವಾ ಯಾರಾದರೂ ಒಬ್ಬರು ಪರವಾಗಿಲ್ಲ ಅನ್ನಲೆಂದೇ? ಮೂರೂ ಇರಬಹುದು. ಕೊನೆಯದನ್ನು ದಯವಿಟ್ಟು ಅನ್ನಬೇಡಿ.

ಮನೆಗೆ ಬರುವುದಿಲ್ಲ. ಕೋರ್ಟಿನಿಂದ ನೇರ ರೈಲು ಸ್ಟೇಷನ್ನಿಗೆ ಹೋಗುತ್ತೇನೆ. ಅತ್ತೆಯವರ ಕಣ್ಣು ತೋರಿಸಲು ತಡಮಾಡಬೇಡಿ. ಪೊರೆ ಬಲಿಯಲಿ ಎಂದು ಕಾಯುವುದು ಹಳೆಯ ಮಾತು.

ಇತಿ,
ದ್ರಾಕ್ಷಾಯಣಿ

ತಾ. ಕ.: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. "ಗೊತ್ತಿರಲಿಲ್ಲ" ಎಂದು ಮೇಲೆ ಬರೆದದ್ದು ಸುಳ್ಳು. ಅಂದು ಭಾಗಮ್ಮ ಬಚ್ಚಲಿನ ಬಾಗಿಲಲ್ಲಿ ಎರಡೂ ಕೈಯಿಂದ ಚೌಕಟ್ಟು ಹಿಡಿದು ನಿಂತಳು. "ನೀರ್ ಹಾಕ್ಬ್ಯಾಡಿ ಕಣವ್ವ," ಎಂದಳು, "ನೀವು ನೋಡ್ಬೇಕು ಅಂತ ಅಪ್ಪ ಹಿಂಗೇ ಕರ್ಕಂಬಂದೈತೆ." ತಿಮ್ಮಕ್ಕ ಚೊಂಬು ಕೆಳಗಿಟ್ಟು ನನ್ನ ಮುಖ ನೋಡಿದಳು. ನನಗೆ ಆ ಹುಡುಗಿಯ ಮೈವಾಸನೆ ತಡೆಯಲಾಗಲಿಲ್ಲ. ಹಳ್ಳಿಯವರಿಗೆ ಸೋಪೆಂದರೆ ಜ್ವರ ಬರುತ್ತದೆ ಎಂದು ಗದರಿದೆ. ಚೌಕಟ್ಟಿನಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನೇ. ಸೋಮವಾರ ನೀವು ಕೇಳದಿದ್ದರೂ ಇದನ್ನೇ ಮೊದಲು ಹೇಳುತ್ತೇನೆ.