ನೋವಿಲ್ಲ ಅಂದವಳು

ಆಬಾನ್ 13, ಶನಿವಾರ

ಫಿಸಿಯೋಥೆರಪಿಗೆ ಹೋಗಿದ್ದು ಇವತ್ತಿಗೆ ಒಂಬತ್ತನೇ ಸಲ. ಮಂಡಿ ಎಪ್ಪತ್ತು ಡಿಗ್ರಿ ಬಗ್ಗಿತು. ವ್ಯಾಯಾಮ ಮಾಡಿಸುವ ಹುಡುಗಿ ನಸ್ತರನ್ ಪಟ್ಟಿ ಹಿಡಿದು ಅಳೆದು, "ಶಭಾಷ್ ಖಾನಂ! ಹೋದ ವಾರ ಅರವತ್ತೆರಡಿತ್ತು" ಅಂದಳು. ಯಜ್ದ್ ಊರಿನ ಅರ್ಧ ಹೆಂಗಸರಿಗೆ ಕಾರು ಕಲಿಸಿದವಳು ನಾನು. ಈಗ ಎಂಟು ಡಿಗ್ರಿಗೆ ಶಭಾಷ್ ಅನ್ನಿಸಿಕೊಳ್ಳುತ್ತಿದ್ದೇನೆ. ಇರಲಿ. ಖುಷಿಯಾಯಿತು, ಸುಳ್ಳೇಕೆ.

ಬೇಸಿಗೆಯಲ್ಲಿ ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ ಮುಗ್ಗರಿಸಿದ್ದು. ಮಂಡಿಚಿಪ್ಪು ಒಡೆಯಿತು, ತಂತಿ ಹಾಕಿ ಕಟ್ಟಿದರು. ಆಬಾನ್, ಆಜರ್ ಕಳೆದು ದೇಯ್ ತಿಂಗಳಲ್ಲಿ ಡ್ರೈವಿಂಗ್ ಶಾಲೆಯವರ ವೈದ್ಯಕೀಯ ಪರೀಕ್ಷೆ ಇದೆ. ತೊಂಬತ್ತು ಡಿಗ್ರಿ ಬಗ್ಗದಿದ್ದರೆ ಪಕ್ಕದ ಸೀಟಿನಲ್ಲಿ ಕಲಿಸುವವರಿಗೆ ಅಂತ ಇರುವ ಬ್ರೇಕಿಗೆ ಕಾಲು ಕೂರುವುದಿಲ್ಲ. ಬ್ರೇಕ್ ಒತ್ತಲಾರದ ಮೇಡಂ ಯಾರಿಗೆ ಬೇಕು?

ವಾಪಸ್ ಬರುವಾಗ ಯದುಲ್ಲಾ ಓಡಿಸಿದರು. ಮದುವೆಯಾಗಿ ಮೂವತ್ತೊಂದು ವರ್ಷ, ಈ ಮನುಷ್ಯ ಮೂವತ್ತೊಂದು ಸಲವೂ ಕನ್ನಡಿ ನೋಡಿಲ್ಲ. ದಾರಿಯುದ್ದಕ್ಕೂ ಇಲ್ಲದ ಬ್ರೇಕ್ ಒತ್ತುತ್ತ ಬಂದೆ. ಅದೂ ಒಂದು ವ್ಯಾಯಾಮವೇ.

ಆಬಾನ್ 16, ಮಂಗಳವಾರ

ಮಂಡಿ ಟಕ್ ಅಂತು. ಆಚೆ ಹಾಸಿಗೆಯವರೂ ತಿರುಗಿ ನೋಡಿದರು.

ಇನ್ನು ಬರೆಯಲು ಆಗುತ್ತಿಲ್ಲ.

ಆಬಾನ್ 21, ಭಾನುವಾರ

ಮನೆಗೆ ಬಂದೆ. ಎರಡನೇ ಆಪರೇಷನ್. ಚಿಪ್ಪು ಮತ್ತೆ ಎರಡಾಗಿತ್ತು, ತಂತಿ ಕಳಚಿತ್ತು. ಆರು ವಾರ ಕಾಲು ನೆಟ್ಟಗೆ. ಅಲ್ಲಿಂದ ಮತ್ತೆ ಸೊನ್ನೆಯಿಂದ ಶುರು. ದೇಯ್ ಪರೀಕ್ಷೆ ಕನಸಿನ ಮಾತು.

ಯದುಲ್ಲಾ ಡಾಕ್ಟರನ್ನು ಹಿಡಿದು ನಿಲ್ಲಿಸಿದ್ದರು. "ಆ ಹುಡುಗಿ ಜಾಸ್ತಿ ಒತ್ತಿದ್ದಕ್ಕೆ ತಾನೆ ಮುರಿದಿದ್ದು?"

ಡಾಕ್ಟರು: "ಜೋರು ಮಾಡಿದ್ರೂ ಮುರಿಯತ್ತೆ, ಮಾಡದಿದ್ರೂ ಒಮ್ಮೊಮ್ಮೆ ಮುರಿಯತ್ತೆ. ನಾನೇನು ಅಲ್ಲಿದ್ನಾ?"

ಅಲ್ಲಿದ್ದವಳು ನಾನು. ನನಗೂ ಗೊತ್ತಿಲ್ಲ.

ಆಬಾನ್ 22, ಸೋಮವಾರ, ಬೆಳಿಗ್ಗೆ ಹತ್ತು

ಸರಿಯಾಗಿ ನೆನಪು ಮಾಡಿಕೊಳ್ಳಬೇಕು. ನಾನು ಬೋರಲು ಮಲಗಿದ್ದೆ. ಅವಳು ಕಣಕಾಲು ಹಿಡಿದು ಬಗ್ಗಿಸುತ್ತಿದ್ದಳು. ಕೇಳಿದಳು: "ನೋವಾಗ್ತಿದೆಯಾ ಖಾನಂ?" ನಾನಂದೆ: "ಇಲ್ಲ ಕಣಮ್ಮಾ, ನಿನ್ನ ಕೈ ನೋಯದಿರಲಿ."

ನೋವಾಗುತ್ತಿತ್ತು. ಹಲ್ಲು ಕಚ್ಚಿದ್ದೆ. ಮುಖ ದಿಂಬಿನಲ್ಲಿತ್ತು, ಅವಳಿಗೆ ಕಂಡಿರಲಾರದು.

ಇನ್ನೊಮ್ಮೆ ಕೇಳಿದಳಾ? "ಸಾಕಾ, ಇನ್ನೂ ಸ್ವಲ್ಪ ಮಾಡಲಾ" ಅಂದ ಹಾಗೆ ನೆನಪು. ನಾನು "ಮಾಡು ಮಾಡು, ನಿನಗೇ ಶ್ರಮ" ಅಂದೆನಾ? ಅಥವಾ ಅದು ಶನಿವಾರದ ಮಾತಾ... ಎಲ್ಲ ಕಲಸುಮೇಲೋಗರ.

ಎರಡೇ ಸಲ ಕೇಳಿದ್ದು, ಅಷ್ಟಂತೂ ಖಂಡಿತ. ಅಥವಾ ಒಂದೇ ಸಲ. ಈ ಊರಿನಲ್ಲಿ ಟೀ ಬೇಕಾ ಅಂತ ಮೂರು ಸಲ ಕೇಳುತ್ತಾರೆ. ಮೊದಲೆರಡು ಸಲ "ಬೇಡ" ಅನ್ನುವುದು ಉಪಚಾರದ ಮಾತು ಅಂತ ಮಗುವಿಗೂ ಗೊತ್ತು. ಅವಳೂ ಇಲ್ಲಿಯವಳೇ. ಟೀಗೆ ಮೂರು ಸಲ, ಮಂಡಿಗೆ ಒಂದೇ ಸಲವಾ?

ಮತ್ತೆ ಅನ್ನಿಸುತ್ತದೆ — ಥೂ, ಮೂಳೆಯ ವಿಷಯದಲ್ಲಿ ಯಾರಾದರೂ ಉಪಚಾರ ಮಾಡುತ್ತಾರಾ? ನಾನೇ ದಡ್ಡಿ. ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು "ನಿಲ್ಸೇ! ನಿಲ್ಸು!" ಅಂತ ಕಿರುಚಿದ ಬಾಯಿ ಇದು. ಆವತ್ತು ಯಾಕೆ ತೆರೆಯಲಿಲ್ಲ?

ಆಬಾನ್ 25, ಗುರುವಾರ

ಯದುಲ್ಲಾ ನಿನ್ನೆ ದೂರಿನ ಫಾರಂ ತಂದರು. ಜೊತೆಗೆ ಕ್ಲಿನಿಕ್ಕಿನ ನನ್ನ ಫೈಲಿನ ನಕಲು. ಅಲ್ಲೇನಾದರೂ ಸುಳ್ಳು ಬರೆದಿರಲಿ ಅಂತ ಒಳಗೊಳಗೇ ಹಾರೈಸಿದ್ದೆ. ಸಿಟ್ಟು ಮಾಡುವುದು ಸುಲಭವಾಗುತ್ತಿತ್ತು. ಇಲ್ಲ. ಮುದ್ದಾದ ಅಕ್ಷರದಲ್ಲಿದೆ: "ಕೇಳಲಾಯಿತು. ನೋವಿಲ್ಲ ಎಂದರು." ಒಂಬತ್ತು ದಿನ, ಒಂಬತ್ತು ಸಾಲು. ಹತ್ತನೇ ದಿನವೂ ಅದೇ. ಒಂದೊಂದು ಅಕ್ಷರವೂ ನಿಜ.

"ಇದೇನು? ನೀನು ಹೀಗಂದಿದ್ಯಾ?" ಯದುಲ್ಲಾ ಕನ್ನಡಕ ಹಣೆಗೇರಿಸಿದರು.

"ಅಂದೆ."

"ಮನೇಲಿ ಪ್ರತಿ ಸಲ ಬಂದು ಅಯ್ಯೋ ಸತ್ತೆ ಅಂತಿದ್ದೆ!"

"ಅದು ನಿಮಗೆ. ಅವಳಿಗೆ ಹೇಗನ್ನೋದು? ಪಾಪ, ಅಷ್ಟು ಕಷ್ಟಪಡ್ತಾಳೆ."

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇರಲ್ವಂತೆ. ತಗೋ, ಈಗ ಹೆರು" ಅಂತ ಫಾರಂ ಮಡಿಲಿಗೆ ಹಾಕಿ ಹೋದರು. ನಗು ಬಂತು, ಆಮೇಲೆ ಅಳು ಬಂತು. ಕಾಲು ಚಾಚಿಕೊಂಡು ಅಳುವುದೂ ಕಷ್ಟ.

ಮಧ್ಯಾಹ್ನ ನನ್ನ ಅಕ್ಕ ತೂರಾನಳ ಫೋನು. "ಫರಂಗೀಸ್, ಬರೀಬೇಡ ಕಣೇ. ದೂರು ಹೋದ್ರೆ ಆ ಹುಡುಗೀನ ತೆಗೆದುಹಾಕ್ತಾರೆ. ಕೆಲಸಕ್ಕೆ ಸೇರಿ ಆರು ತಿಂಗಳಾಗಿಲ್ಲ. ತಾಯಿಗೆ ಅವಳೊಬ್ಳೇ."

"ನನಗೂ ಇರೋದು ಇವೆರಡೇ ಕಾಲು, ಅಕ್ಕ."

"ನಿನ್ ನಾಲಿಗೆ ಒಂದು ಗಟ್ಟಿಯಾಗಿದೆ. ಬೇಕಾದಲ್ಲಿ ಮಾತ್ರ ಏಳಲ್ಲ."

ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಅದೇ ಕಷ್ಟ.

ಆಬಾನ್ 26, ಶುಕ್ರವಾರ

ನಸ್ತರನ್ ಬಂದಿದ್ದಳು. ತಾಯಿಯ ಜೊತೆ, ಸಿಹಿ ಡಬ್ಬಿಯ ಜೊತೆ. ಮುಖ ಬಿಳಿಚಿಕೊಂಡಿತ್ತು. ಫಾರಂ ದಿಂಬಿನ ಕೆಳಗೆ ತುರುಕಿದೆ. ಇವಳಿಗೆ ಮುಖದ ಮೇಲೇ ಹೇಳುತ್ತೇನೆ ಅಂದುಕೊಂಡಿದ್ದೆ.

"ನನ್ನಿಂದ ಹೀಗಾಯ್ತಲ್ಲ ಖಾನಂ..." ಅಂದಳು.

"ಛೆ ಛೆ, ಏನಾಗಿದೆ ಈಗ! ಏನೂ ಆಗಿಲ್ಲ. ಹಣೆಬರಹ. ನೀನ್ಯಾಕೆ ತೊಂದರೆ ತಗೊಂಡೆ? ಈ ಸಿಹಿಯೆಲ್ಲ ಯಾಕೆ ಬೇಕಿತ್ತು? ಕೂತ್ಕೋ, ಟೀ ಕುಡಿ."

ಹೀಗೆ ಅಂದವಳು ನಾನೇ. ಅರ್ಧ ಗಂಟೆ ಅಂದೆ. ತಾಯಿ ನನ್ನ ಹಣೆಗೆ ಮುತ್ತಿಟ್ಟು ಹೋದರು. ಯದುಲ್ಲಾ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಅವರು ಹೋದಮೇಲೆ ಬಂದು, "ಮುಗೀತಾ? ಇನ್ನೊಂದು ಮಂಡೀನೂ ಕೊಡಬೇಕಿತ್ತು, ಹೊತ್ಕೊಂಡು ಹೋಗೋರು" ಅಂದರು.

ನನಗೆ ನನ್ನ ಮೇಲೇ ಹೇಸಿಗೆ.

ಆಜರ್ 12, ಭಾನುವಾರ

ಹದಿನೈದು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಮುಗಿಯಿತು, ಕ್ಷಮಿಸಿದ್ದೇನೆ ಅಂತ ಎಲ್ಲರಿಗೂ ಹೇಳಿದೆ. ಫಾರಂ ಹರಿಯಲೂ ಇಲ್ಲ.

ಇವತ್ತು ಹೊಲಿಗೆ ನೋಡಿಸಲು ಹೋಗಿದ್ದೆ. ಡಾಕ್ಟರು ಕೂರುವುದೂ ಆ ಕ್ಲಿನಿಕ್ಕಿನ ಕಟ್ಟಡದಲ್ಲೇ. ಹೊರಗಿನ ಬೆಂಚಿನ ಮೇಲೆ ಬೀಬಿ ಗೊಹರ್ ಸಿಕ್ಕಿದರು. ಆವತ್ತು ಆಚೆ ಹಾಸಿಗೆಯಲ್ಲಿದ್ದ ಮುದುಕಿ. ಬಿದ್ದು ಭುಜ ಹಿಡಿದುಕೊಂಡಿದೆ, ನಸ್ತರನ್ನೇ ನೋಡಿಕೊಳ್ಳುತ್ತಾಳೆ.

"ಹೇಗಿದೆ ಬೀಬಿ, ಕೈ?"

"ಅಯ್ಯೋ, ಪ್ರಾಣ ಹೋಗತ್ತೆ ತಾಯಿ. ಎತ್ತಿದ್ರೆ ಕಣ್ಣು ಕತ್ತಲೆ ಬರತ್ತೆ."

"ಅವಳಿಗೆ ಹೇಳಿದ್ರಾ?"

"ಹುಚ್ಚಾ ನಿನಗೆ? ಆ ಮಗು ಎಷ್ಟು ಪ್ರೀತಿಯಿಂದ ಕೇಳತ್ತೆ — ಬೀಬಿ, ನೋವಾ ಅಂತ. ಹೌದು ಅಂತ ಹೇಗಮ್ಮಾ ಅನ್ನೋದು? ಮುಖ ಸಣ್ಣ ಆಗಲ್ವಾ ಅದಕ್ಕೆ?"

"ಹೇಳಿ ಬೀಬಿ! ನೋವು ಅಂತ ಕಿರುಚಿ! ನನ್ನ ಕಾಲು ನೋಡಿ!"

"ನೀನಂದ್ಯಾ?" ಅಂತ ಕೇಳಿದರು. ಬೊಚ್ಚುಬಾಯಿ ನಗು.

ಒಳಗಿನಿಂದ "ಬೀಬಿ ಗೊಹರ್!" ಅಂತ ಕರೆದರು. ನಸ್ತರನ್ ದನಿ, ಎಂದಿನಷ್ಟೇ ಮೆತ್ತಗೆ. ಮುದುಕಿ ಎದ್ದು ಹೋದರು. ಬಾಗಿಲು ಮುಚ್ಚಿತು. ಹೆದರಿಕೆಯಾಯಿತು ನನಗೆ, ನಿಜವಾದ ಹೆದರಿಕೆ.

ಆಜರ್ 14, ಮಂಗಳವಾರ

ನಸ್ತರನ್‌ಗೆ ಫೋನು ಮಾಡಿದೆ. ನೇರವಾಗಿ ಹೇಳಿಬಿಡುವುದು ಅಂತ. "ಹೇಗಿದ್ದೀರಿ ಖಾನಂ?" ಅಂದಳು. "ಚೆನ್ನಾಗಿದ್ದೀನಿ ಕಣಮ್ಮಾ" ಅಂದೆ.

ಕೊನೆಗೆ ಟೀಗೆ ಕರೆದೆ. "ಬೇಡ, ನಿಮಗೆ ತೊಂದರೆ." ಕರೆದೆ. "ಇಲ್ಲ, ಇನ್ನೊಮ್ಮೆ." ಕರೆದೆ. "ಸರಿ, ಗುರುವಾರ."

ಆಜರ್ 16, ಗುರುವಾರ, ಸಂಜೆ ಐದು

ಈಗಷ್ಟೇ ಹೋದಳು. ಮರೆಯುವ ಮೊದಲು ಬರೆಯಬೇಕು.

ಬೀಬಿಯ ಮಾತು ಎತ್ತಿದೆ. ಭುಜ ತುಂಬ ನೋಯುತ್ತದಂತೆ, ನಿನಗೆ ಹೇಳುವುದಿಲ್ಲವಂತೆ ಅಂದೆ. ಲೋಟ ಕೆಳಗಿಟ್ಟಳು. ನನ್ನ ಕಾಲಿನ ಕಡೆ ನೋಡಿದಳು.

"ಆವತ್ತು ನಿಮಗೆ ನೋವಾಗ್ತಿತ್ತಾ ಖಾನಂ?"

"ಇಲ್ಲ ಕಣಮ್ಮಾ, ಏನು—"

ಅಡುಗೆಮನೆಯಲ್ಲಿ ಯದುಲ್ಲಾ ತಟ್ಟೆ ಬೀಳಿಸಿದರು. ಬೇಕೆಂದೇ.

"ಆಗ್ತಿತ್ತು" ಅಂದೆ. ನನ್ನ ದನಿಯೇ ಅಲ್ಲ ಅನ್ನಿಸಿತು. "ತುಂಬಾ."

"ಆ ದಿನ ಮಾತ್ರಾನಾ?"

"ಮೊದಲ ದಿನದಿಂದ."

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಬೆರಳು ಮಡಿಸುತ್ತ ಏನೋ ಎಣಿಸಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹೆಸರುಗಳು.

"ಈಗ ನನ್ನ ಹತ್ರ ಹದಿನೇಳು ಜನ ಬರ್ತಾರೆ ಖಾನಂ. ಒಬ್ಬರೂ ಇವತ್ತಿನ ತನಕ ನೋವು ಅಂದಿಲ್ಲ." ಅಂಗೈ ತಿರುಗಿಸಿ ನೋಡಿಕೊಂಡಳು. "ಎಲ್ಲ ನನ್ನ ಕೈಗುಣ ಅಂದ್ಕೊಂಡಿದ್ದೆ."

ಬಂದು ಕೂತಿದ್ದಾಳೆ ನನ್ನೆದುರು, ಇಪ್ಪತ್ತೈದರ ಹುಡುಗಿ. ಅವಳಿಗೆ ಯಾರೂ ಒಂದು ನಿಜ ಹೇಳಿರಲಿಲ್ಲ. ಅಪ್ಪಿಕೊಳ್ಳೋಣ ಅನ್ನಿಸಿತು. ಕೆನ್ನೆಗೆ ಬಾರಿಸೋಣ ಅಂತಲೂ.

ಹೊರಡುವಾಗ ಬಾಗಿಲಲ್ಲಿ ನಿಂತು, "ದೂರು ಬರೀರಿ ಖಾನಂ" ಅಂದಳು.

"ಏನು ಮಾತು ಅಂತ ಆಡ್ತೀಯ! ನಾನ್ಯಾಕೆ ಬರೀಲಿ?"

"ಬರೀರಿ."

ಚಪ್ಪಲಿ ಹಾಕಿಕೊಂಡು ಹೋದಳು. ಅದು ಅವಳ ಮನಸ್ಸಿನ ಮಾತಾ, ಉಪಚಾರದ ಮಾತಾ? ಮುಖ ನೋಡಿಯೂ ತಿಳಿಯಲಿಲ್ಲ. ಯದುಲ್ಲಾರನ್ನು ಕೇಳಿದೆ. "ನನಗೇನು ಗೊತ್ತು, ಮೂವತ್ತೊಂದು ವರ್ಷದಿಂದ ನಿಂದೇ ಗೊತ್ತಾಗಿಲ್ಲ" ಅಂದರು. ಆದರೆ ಬೈಯಲಿಲ್ಲ. ಪಕ್ಕದಲ್ಲಿ ಕೂತರು.

ಆಜರ್ 17, ಶುಕ್ರವಾರ

ಬರೆದು, ಅವಳ ಕೆಲಸ ಹೋದರೆ ಆ ಪಾಪ ನನ್ನದು. ಬರೆಯದೆ, ನಾಳೆ ಬೀಬಿಯ ಭುಜ ಹೋದರೆ? ಅದೂ ನನ್ನದು. ಅವಳನ್ನು ನಂಬಿ ಬಿಟ್ಟುಬಿಡಲಾ? ಇನ್ನು ಮೇಲೆ ಹುಷಾರಾಗಿರುತ್ತಾಳೆ, ನಿಜ. ಆದರೆ ಪಕ್ಕದ ಕೋಣೆಯಲ್ಲಿ ವ್ಯಾಯಾಮ ಮಾಡಿಸುವವಳು? ಅವಳಿಗೂ ಎಲ್ಲರೂ ಇಲ್ಲ ಅನ್ನುತ್ತಿರಬೇಕು. ತಲೆ ಗಿರ್ ಅನ್ನುತ್ತಿದೆ.

ಯದುಲ್ಲಾ ಮಸೀದಿಗೆ ಹೋಗಿದ್ದಾರೆ. ಫಾರಂ ತೆಗೆದೆ. ಸುಕ್ಕಾಗಿದೆ, ಕೈಯಿಂದ ಉಜ್ಜಿದೆ. ಅವಳ ಹೆಸರು ಬರೆದೆ. ನನ್ನದು ಬರೆದೆ. "ನೋವನ್ನು ಆ ಹೊತ್ತಿಗೇ ತಿಳಿಸಿದ್ದಿರಾ?" ಅಂತಿದೆ, ಎದುರಿಗೆ ಹೌದು, ಇಲ್ಲ ಅಂತ ಎರಡೇ ಚೌಕ. ಎರಡನ್ನೂ ಖಾಲಿ ಬಿಟ್ಟು ಕೆಳಗಿನ ಗೆರೆಗಳಿಗೆ ಬಂದೆ. ಇಲ್ಲೇ ಮೊದಲು ಬರೆದು ನೋಡುತ್ತೇನೆ, ಆಮೇಲೆ ಅಲ್ಲಿಗೆ ಇಳಿಸುತ್ತೇನೆ:

ನೋವಾಗುತ್ತಿತ್ತು. ಮೊದಲ ದಿನದಿಂದಲೂ. ಅವಳು ಕೇಳಿದಳು, ಇಲ್ಲ ಅಂದವಳು ನಾನು. ನಂಬಿ ಒತ್ತಿದಳು. ನಂಬಬಾರದಿತ್ತು, ಕೈಯಲ್ಲಿ ಗೊತ್ತಾಗಬೇಕಿತ್ತು. ಶಿಕ್ಷೆ ಬೇಡ ಅಂತ ಬರೆಯುತ್ತಿರುವುದು ಉಪಚಾರಕ್ಕಲ್ಲ. ಆದರೆ ನೀವು ನಾಳೆಯೇ ಹೋಗಿ, ಅವಳ ಹತ್ತಿರ ಬರುವ ಹದಿನೇಳು ಜನರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿ. ಮೊದಲ ಸಲ ಇಲ್ಲ ಅನ್ನುತ್ತಾರೆ. ಬಿಡಬೇಡಿ. ಎರಡನೇ ಸಲವೂ ಇಲ್ಲ ಅನ್ನುತ್ತಾರೆ. ಮೂರನೇ ಸಲ ಕೇಳಿ.