ಹುಣಸೆಹಣ್ಣಿನಲ್ಲಿ ತಿಕ್ಕಿದ ಆನೆ ಕಾಸು

ಅತ್ತೇ,

ಜರ್ಮನಿಗೆ ಕ್ಷೇಮವಾಗಿ ತಲುಪಿದೆ. ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮೊದಲೇ ನೀವು ಶುರು ಮಾಡುತ್ತೀರಿ, ಅದಕ್ಕೇ ಈ ಕಾರ್ಡು.

ಮೈಸೂರು ನಾಣ್ಯಗಳ ಮೇಲಿನ ಕನ್ನಡ ಓದಿಕೊಡಲು ನನ್ನನ್ನು ಕರೆಸಿದ ಪ್ರಕಾಶಕರು, ಎಕ್‌ಹಾರ್ಟ್ ಅಂತ, ನಲವತ್ತು ವರ್ಷದಿಂದ ನಾಣ್ಯ ಸಂಗ್ರಹಿಸುವವರಿಗೆಂದೇ ಪುಸ್ತಕ ಮಾಡುತ್ತಿದ್ದಾರೆ. ಕೈಗವಸಿಲ್ಲದೆ ನಾಣ್ಯ ಮುಟ್ಟುವುದಿಲ್ಲ, ಅದರ ಹತ್ತಿರ ಕೆಮ್ಮುವುದೂ ಇಲ್ಲ. ಅಂಥವರ ಮುಂದೆ ನಮ್ಮ ಮನೆಯ ತಾಮ್ರದ ಆನೆ ಕಾಸಿನ ಪೊಟ್ಟಣ ಬಿಚ್ಚಿದರೆ ಫಳಫಳ! ಇನ್ನೂರು ವರ್ಷದ ಕಿಲುಬಿಗೇ ಬೆಲೆಯಂತೆ. "ಇದಕ್ಕೆ ಏನು ಮಾಡಿದಿರಿ?" ಎಂದವರೇ ಕುರ್ಚಿಯಲ್ಲಿ ಕುಸಿದರು. "ಪುಸ್ತಕದಲ್ಲಿ ನಮ್ಮನೆ ಹೆಸ್ರು ಬರೋದು, ಕಾಸು ಮಾಸಿದ್ರೆ ಹೆಂಗೆ ಕಣೇ" ಎಂದು ನೀವು ಹುಣಸೆಹಣ್ಣು ಹಾಕಿ ತಿಕ್ಕಿದ್ದನ್ನು ಯಾವ ಬಾಯಲ್ಲಿ ಹೇಳಲಿ? ಹೇಳಿದೆ. ಬರೆದುಕೊಂಡರು.

ಮಂಡಿನೋವಿನ ಮಾತ್ರೆ ತಪ್ಪಿಸಬೇಡಿ. ದೇವರ ಪೆಟ್ಟಿಗೆಯಲ್ಲಿ ಉಳಿದಿರುವ ಕಾಸುಗಳ ತಂಟೆಗೆ ದಯವಿಟ್ಟು ಹೋಗಬೇಡಿ.

ನಿಮ್ಮ ಆಸೆಯಂತೂ ಈಡೇರಿತು. ಚೌಳಹಿರಿಯೂರಿನ ಅಂಬಮ್ಮನವರ ಹೆಸರು ಜರ್ಮನ್ ಪುಸ್ತಕದಲ್ಲಿ ಬರುತ್ತಿದೆ, ಕಾಸಿನ ಫೋಟೊ ಸಮೇತ, ನಾಣ್ಯವನ್ನು ಹೇಗೆ ತೊಳೆಯಬಾರದು ಎಂಬ ಅಧ್ಯಾಯದಲ್ಲಿ.

ಪ್ರತಿಮಾ