ಒಂಟಿ ಗೆಜ್ಜೆಯ ಉಡಿದಾರ

ಆಗಸ್ಟ್ 11, ಸೋಮವಾರ. ಮದ್ದೂರು

ಟೆಸ್ಟ್ ಪೇಪರು ಮೂವತ್ತೆರಡು ಮುಗಿಯಿತು. ಇನ್ನೂ ನಲವತ್ತು. ಅಲಂಕಾರಕ್ಕೆ ಉದಾಹರಣೆ ಕೊಡಿ ಅಂದರೆ ಒಬ್ಬ ‘ಓಲೆ, ಜುಮುಕಿ, ಡಾಬು’ ಎಂದು ಬರೆದಿದ್ದಾನೆ. ಅರ್ಧ ಮಾರ್ಕು ಕೊಟ್ಟೆ. ಕನ್ನಡ ಮೇಡಂಗೂ ಹೃದಯವಿದೆ.

ಕೊತ್ತತ್ತಿಯಿಂದ ಅಪ್ಪನ ಫೋನು. “ಮದ್ವೆ ಆದ್ಮೇಲೆ ಮೊದುಲ್ನೆ ಗೌರಿ ಅಬ್ಬ. ತಪ್ಪುಸ್ಬ್ಯಾಡ ಕಣವ್ವ. ನಿಮ್ಮವ್ವ ಆಗ್ಲೇ ಬಾಗ್ನದ ಮೊರ ತಂದವ್ಳೆ.” ಆಮೇಲೆ ತನ್ನ ಬೆಳ್ಳಿ ಉಡಿದಾರದ ದೂರು. ಯುಗಾದಿಗೆ ಅದರ ಕೊಂಡಿ ಮುರಿದಿತ್ತು. ಇಲ್ಲಿಯ ಬೆಳ್ಳಿ ಅಂಗಡಿಯವನಿಗೆ ನಾನೇ ಕೊಟ್ಟಿದ್ದೆ. ಅಳತೆಯ ಕೊಂಡಿ ಸಿಗದೆ ಕಾಲ್ಗೆಜ್ಜೆಯದನ್ನೇ ಹಾಕಿಬಿಟ್ಟಿದ್ದ, ಒಂದು ಗೆಜ್ಜೆ ಸಮೇತ. “ಕಿಣಿಕಿಣಿ ಅಂತದೆ ಕಣವ್ವ, ದನ ಎಲ್ಲಾ ನನ್ನೇ ನೋಡ್ತವೆ.”

“ಅರಂಗೇಟ್ರಂ ಯಾವಾಗಪ್ಪ?” ಅಂದೆ. ನಕ್ಕ.

ಆಗಸ್ಟ್ 13, ಬುಧವಾರ. ಕೊತ್ತತ್ತಿ

ಬೆಳಿಗ್ಗೆ ಗದ್ದೆಗೆ ನೀರು ಕಟ್ಟಲು ಹೋದ ಅಪ್ಪ ವಾಪಸ್ ಬಂದಿಲ್ಲ. ನಾಲೆ ಏರಿಯ ಮೇಲೆ ಗುದ್ದಲಿ, ಚಪ್ಪಲಿ. ಹಸಿ ಮಣ್ಣಲ್ಲಿ ಕಾಲು ಜಾರಿದ ಗೆರೆ. ನಾಲೆ ತುಂಬಿ ಹರಿಯುತ್ತಿದೆ.

ಇನ್ನೇನು ಬರೆಯಲಿ…

ಆಗಸ್ಟ್ 18, ಸೋಮವಾರ

ಆರು ದಿನ. ದೇಹ ಸಿಕ್ಕಿಲ್ಲ. ಬಂದವರೆಲ್ಲ ‘ತಾಳಿ, ತಾಳಿ’ ಅನ್ನುತ್ತಾರೆ. ಬಾಯಿ ಸಮಾಧಾನ ಹೇಳುತ್ತದೆ, ಕಣ್ಣು ಅವ್ವನ ಕತ್ತಿನ ಮೇಲಿರುತ್ತದೆ.

ಪಕ್ಕದ ಮನೆ ವನಜಾ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರನ್ನೆಲ್ಲ ಕರೆದಳು. ನಮ್ಮ ಬಾಗಿಲಿಗೆ ಬಂದವಳು ನಿಂತಳು. “ಮಲ್ಲಿಗಕ್ಕ, ನಿನ್ನ… ಏನಂತ ಕರೀಲಿ ಏಳು?” ಅವ್ವ ತಾಳಿಯನ್ನು ಸೆರಗಿನಿಂದ ಹೊರಗೆಳೆದು ತೋರಿಸಿದಳು. “ಮುತ್ತೈದೆ ಅಂತ ಕರಿ. ಎಣ ಕಂಡಿದ್ದೀಯಾ ನೀನು?”

ಆದರೂ ಕರೆಯಲಿಲ್ಲ.

ಜಗಲಿಯಲ್ಲಿ ಸೋಮಮ್ಮತ್ತೆ ಕೂತಿದ್ದರು. ಅಪ್ಪನ ಅಕ್ಕ. ಇಪ್ಪತ್ತೆರಡಕ್ಕೇ ಗಂಡ ಹೋದ, ಅಂದಿನಿಂದ ಈ ಮನೆಯಲ್ಲೇ. ಬಳೆ ಒಡೆಯಲು ಹಾಕಿದ ಕಲ್ಲು ತಪ್ಪಿ ಬಿದ್ದ ಗಾಯ ಮಣಿಕಟ್ಟಿನಲ್ಲಿ ಇನ್ನೂ ಇದೆ, ಮಾಸದ ಬಳೆಯಂತೆ.

ಆಗಸ್ಟ್ 24, ಭಾನುವಾರ

ಕೊಪ್ಪದ ಕಡೆ ತೂಬಿಗೆ ಸಿಕ್ಕಿಕೊಂಡಿದ್ದ ಒಂದು ದೇಹ. ಅವ್ವ, ಅತ್ತೆ, ನಾನು ಕಾರಲ್ಲಿ ಹೋದೆವು. ನನ್ನ ಯಜಮಾನರು ಸ್ವರೂಪ್ ಓಡಿಸಿದರು, ಕಾರಿನ ಹತ್ತಿರವೇ ಉಳಿದರು. ನೀರು ಮುಖವನ್ನೂ ಬಿಟ್ಟಿರಲಿಲ್ಲ, ಬಟ್ಟೆಯನ್ನೂ. ಕಾನ್‌ಸ್ಟೇಬಲ್ ಕರಿಯಪ್ಪ ಒಂದು ಪ್ಲಾಸ್ಟಿಕ್ ಕವರು ಎತ್ತಿ ಹಿಡಿದರು. “ಸೊಂಟದಲ್ಲಿ ಇದೊಂದಿತ್ತು. ನಿಮ್ಮೆಜಮಾನ್ರುದಾ ನೋಡಮ್ಮ.”

ಬೆಳ್ಳಿ ಉಡಿದಾರ. ಕೊಂಡಿಯಲ್ಲಿ ಒಂಟಿ ಗೆಜ್ಜೆ. ಕವರಿನೊಳಗೂ ಸಣ್ಣಗೆ ಸದ್ದು ಮಾಡಿತು.

ಅವ್ವ ತುಂಬ ಹೊತ್ತು ನೋಡಿದಳು. “ಅಲ್ಲ.”

“ಸರ್ಯಾಗ್ ನೋಡಮ್ಮ. ಯಾರೂ ಬರ್ನಿಲ್ಲ ಅಂದ್ರೆ ಗುರುವಾರ ನಾವೇ ಮಣ್ಣು ಮಾಡ್ಬುಡ್ತೀವಿ. ಅನಾಥ ಅಂತ.”

“ಅಲ್ಲ ಅಂದ್ನಲ್ಲಪ್ಪ. ನಮ್ಮವ್ರುದ್ರಲ್ಲಿ ಗೆಜ್ಜೆ ಇರ್ನಿಲ್ಲ.”

ಕರಿಯಪ್ಪ ನನ್ನ ಕಡೆ ತಿರುಗಿದರು. ತರಗತಿಯಲ್ಲಿ ಐವತ್ತು ನಿಮಿಷ ನಿಲ್ಲಿಸದೆ ಮಾತಾಡುವವಳು ನಾನು. ತಲೆ ಅಲ್ಲಾಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ, ಅವರಿಗೆ ಬೇಕಾದಂತೆ ಓದಿಕೊಂಡರು.

ಸಂಜೆ

ಹಿತ್ತಿಲಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. “ಆ ಗೆಜ್ಜೆ ನಂಗೂ ಗೊತ್ತು ಕಣ್ ಮಗ. ಐದ್ ತಿಂಗ್ಳು ಅದುನ್ ಸದ್ದು ಕೇಳೇ ಕಾಪಿಗೆ ನೀರಿಕ್ತಿದ್ದೆ.”

“ಮತ್ತೆ ಯಾಕತ್ತೆ…”

“ಮುಂಡೆ ಕೈಯ ಬಾಗ್ನ ಯಾರಿಸ್ಕತ್ತಾರೆ? ನಿಮ್ಮವ್ವ ನಿಂಗ್ ಕೊಡ್ಬೇಕು ಅಂತವ್ಳೆ. ಇನ್ನೆಲ್ಡ್ ದಿನ. ಸುಮ್ಕಿರು.”

“ಅಪ್ಪ ಅಲ್ಲಿ…”

“ನನ್ ತಮ್ಮ ಕಣೆ ಅವ್ನು. ನಂಗಿಲ್ವಾ ಸಂಕ್ಟ?”

ಆಗಸ್ಟ್ 25, ಸೋಮವಾರ

ಅವ್ವ ಪೇಟೆಗೆ ಹೋಗಿ ಹಸಿರು ಗಾಜಿನ ಬಳೆ ತೊಟ್ಟುಕೊಂಡು ಬಂದಳು. ಕೈಗೆ ಆರಾರು. ಬೀದಿಯ ಉದ್ದಕ್ಕೂ ಸದ್ದು ಮಾಡಿಕೊಂಡೇ ನಡೆದಳು.

ಕರಿಯಪ್ಪನವರ ನಂಬರು ಮೂರು ಸಲ ಒತ್ತಿದೆ. ಮೂರು ಸಲವೂ ಕಟ್ ಮಾಡಿದೆ.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಹೊಸ ಮೊರ. ಅರಿಶಿನ, ಕುಂಕುಮ, ಕರಿಮಣಿ, ಬಿಚ್ಚೋಲೆ, ಬಳೆ, ಅಕ್ಕಿ, ಬೇಳೆ, ಬೆಲ್ಲ. ಮೇಲೊಂದು ಮೊರ ಮುಚ್ಚಿ, ಸೆರಗು ಹೊದಿಸಿ ಕೊಟ್ಟಳು ಅವ್ವ. ಅತ್ತೆ ದನದ ಕೊಟ್ಟಿಗೆ ಸೇರಿಕೊಂಡಿದ್ದರು. ಇಂಥ ಹೊತ್ತಲ್ಲಿ ಎದುರು ಬರುವುದಿಲ್ಲ, ನಲವತ್ತು ವರ್ಷದ ಅಭ್ಯಾಸ. ಅವ್ವನಿಗೂ ನಾಳೆಯಿಂದ ಅಲ್ಲೇ ಜಾಗ.

“ನೂರ್ ಕಾಲ ಮುತ್ತೈದೆಯಾಗ್ ಬಾಳವ್ವ.” ಮೊರ ಹಿಡಿದೇ ಅವಳ ಕಾಲಿಗೆ ಬಗ್ಗಿದೆ. ಮೊರದೊಳಗಿನ ಬಳೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು.

ಸ್ವರೂಪ್ ಕಡುಬು ಚೆನ್ನಾಗಿದೆ ಅಂದರು. ಅವರಿಗೆ ಗೊತ್ತಿಲ್ಲ. ಮೂವರು ಹೆಂಗಸರೂ ತಿಂದೆವು. ನಾನು ಎರಡು ತಿಂದೆ. ಇಲ್ಲಿ ಜೋಕು ಬರುವುದಿಲ್ಲ.

ಆಗಸ್ಟ್ 27, ಬುಧವಾರ. ಬೆಳಿಗ್ಗೆ 7

ಅವ್ವನೇ ಎಬ್ಬಿಸಿದಳು. “ಆ ಪೊಲೀಸಪ್ಪಂಗೆ ಫೋನ್ ಮಾಡು. ನಮ್ಮವ್ರುದೇ ಅನ್ನು.”

ಮಾಡಿದೆ. “ಈಗ್ ನೆನಪಾಯ್ತೇನಮ್ಮ?” ಅಂದರು ಕರಿಯಪ್ಪ. ಹೌದು ಸಾರ್ ಅಂದೆ. ಆ ಕಡೆಯಿಂದ ರಿಜಿಸ್ಟರು ಮಗುಚಿದ ಸದ್ದು. “ನಮ್ಮನೇಲೂ ನೆನ್ನೆ ಅಬ್ಬ. ಬನ್ನಿ.”

7.40

ಅವ್ವ ಬಚ್ಚಲಲ್ಲಿ ಕೂತಿದ್ದಾಳೆ. ಅತ್ತೆ ಅವಳ ಕೈಗೆ ಸೋಪು ಸವರಿ ಬಳೆ ಇಳಿಸುತ್ತಿದ್ದಾರೆ. “ಊರ್ಗೆ ಗೊತ್ತಾಗೋಕ್ ಮುಂಚೆ ಬಿಚ್ಬುಡಾನ. ನನ್ ಕೈ ಮೇಲ್ ಬಿದ್ದ ಕಲ್ಲು ನಿನ್ ಕೈ ಮೇಲ್ ಬೀಳಾದು ಬ್ಯಾಡ ಮಲ್ಲಿ.”

ತಾಳಿಗೆ ಕೈ ಹಾಕಲು ಹೋದರೆ ಅವ್ವ ತಡೆದಳು. “ಇದ್ನ ಅವ್ರ ಮುಂದೇನೆ ಬಿಚ್ತೀನಿ. ‘ಅಲ್ಲ’ ಅಂದಿದ್ದುಕ್ಕೆ ತಪ್ಪಾಯ್ತು ಅಂತ ಕೇಳ್ಕಬೇಕು.”

ಇಳಿದ ಬಳೆಗಳನ್ನು ತೊಳೆದು, ಒರೆಸಿ, ನನ್ನ ಬಾಗಿನದ ಮೊರಕ್ಕೇ ಹಾಕುತ್ತಿದ್ದಾಳೆ. ಹನ್ನೊಂದು ಬಂದವು. ಕೊನೆಯದು ಗೆಣ್ಣಿನ ಹತ್ತಿರ ಕಚ್ಚಿಕೊಂಡಿದೆ. ಸ್ವರೂಪ್ ಕಾರು ತಿರುಗಿಸಿ ನಿಲ್ಲಿಸಿದ್ದಾರೆ. ಅವ್ವ ಕೂಗುತ್ತಿದ್ದಾಳೆ, “ಅಮ್ರು, ನೀನ್ ಬಂದ್ ಎಳಿ, ನಿನ್ ಕೈ ಮೆತ್ತಗದೆ” ಅಂತ. ಎಳೆಯುವಾಗ ಒಡೆದುಹೋದರೆ ಅತ್ತೆಯ ಗಾಯವೇ ಅವಳ ಕೈಗೂ. ಇನ್ನಷ್ಟು ಸೋಪು ಸವರಿ ಎಳೆಯುತ್ತೇನೆ.